ಚಿತ್ರ ಮಗುವಿನದು, ಅಂಗಡಿ ಯಾರದು?

ಶಾಲಾ ಕಲೋತ್ಸವದಲ್ಲಿ ಬಹುಮಾನ ಗಳಿಸಿದ ಚಿತ್ರಗಳು ಬಹುತೇಕ ಮನೆಯ ಕಪಾಟನ್ನು ಸೇರಿ ಅಲ್ಲಿಯೇ ಉಳಿಯುತ್ತವೆ. ಈಗ ಅವುಗಳಿಗೆ ಇನ್ನೊಂದು ದಾರಿ ತೆರೆದಿದೆ. ಯಕ್ಷಗಾನದ ಕಿರೀಟವನ್ನೋ ಬೇಕಲದ ಕೋಟೆಯನ್ನೋ ಬರೆದು ಅಂತರ್ಜಾಲದ ಅಂಗಡಿಯಲ್ಲಿಟ್ಟರೆ, ಬೇಡಿಕೆ ಬಂದ ಮೇಲೆಯೇ ಮುದ್ರಕ ಸಂಸ್ಥೆಯು ಅದನ್ನು ಅಂಗಿ, ಲೋಟ, ಕೈಚೀಲಗಳ ಮೇಲೆ ಅಚ್ಚುಹಾಕಿ ಗ್ರಾಹಕನಿಗೆ ಕಳುಹಿಸುತ್ತದೆ. ಸರಕು ಕೊಂಡು ರಾಶಿ ಹಾಕಬೇಕಿಲ್ಲ. ಬಂಡವಾಳ ಅಲ್ಪವಾದುದರಿಂದ ಕಾನೂನಿನ ಗೊಡವೆಯೂ ಇಲ್ಲವೆಂದು ಹಲವು ಪೋಷಕರು ಭಾವಿಸುತ್ತಾರೆ. ಆ ಭಾವನೆ ಸರಿಯಲ್ಲ.

ಮೊದಲನೆಯದು ಒಡೆತನ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ, ಸ್ವಂತವಾಗಿ ರಚಿಸಿದ ಚಿತ್ರದ ಮೊದಲ ಒಡೆಯ ಸಾಮಾನ್ಯವಾಗಿ ಅದನ್ನು ಬರೆದವನೇ. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಬರೆದವರು ಎಂಟನೆಯ ತರಗತಿಯ ಬಾಲಕಿಯಾದರೂ ಹಕ್ಕು ಆಕೆಯದೇ. ಆದರೆ 18 ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲವೆಂದು 1903ರಲ್ಲೇ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದ್ದರಿಂದ ಅಂಗಡಿಯನ್ನು ತಂದೆಯೋ ತಾಯಿಯೋ ತಮ್ಮ ಹೆಸರಿನಲ್ಲಿ ತೆರೆಯಬೇಕು. ಹೆಸರು ನಿಮ್ಮದಾದ ಮಾತ್ರಕ್ಕೆ ಚಿತ್ರ ನಿಮ್ಮದಾಗುವುದಿಲ್ಲ. ಬಂದ ಹಣದ ಲೆಕ್ಕವನ್ನು ಮಗುವಿನ ಹೆಸರಿನಲ್ಲಿ ಬೇರೆಯಾಗಿಯೇ ಇಡಿರಿ.

ಎರಡನೆಯದು ಷರತ್ತುಗಳು. ಕನ್ನಡದಲ್ಲಿ ಕಲಿಯುವ ಮಕ್ಕಳ ಮುಂದೆ ಈ ಸಂಸ್ಥೆಗಳು ಇಡುವ ಒಪ್ಪಂದ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಉದ್ದವೂ ಆಗಿರುತ್ತದೆ. ಓದದೆ ಒಪ್ಪಿಗೆಯ ಗುಂಡಿ ಒತ್ತಬೇಡಿರಿ. ಚಿತ್ರವನ್ನು ಮುದ್ರಿಸಲು ಅನುಮತಿ ಕೊಡುವುದು ಒಂದು, ಹಕ್ಕನ್ನೇ ವರ್ಗಾಯಿಸುವುದು ಇನ್ನೊಂದು. ಮನೆಯನ್ನು ಬಾಡಿಗೆಗೆ ಕೊಡುವುದಕ್ಕೂ ಕ್ರಯಪತ್ರ ಬರೆದುಕೊಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಆದರೆ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಬರೆದಿದ್ದರೆ ಈ ರಕ್ಷಣೆ ದೊರೆಯದು. ಚಿತ್ರವನ್ನು ಹಿಂತೆಗೆಯಲು ಅವಕಾಶವಿದೆಯೇ ಎಂಬುದನ್ನೂ ನೋಡಿರಿ.

ಮೂರನೆಯದು ಪರರ ಸೊತ್ತು. ಪತ್ರಿಕೆಯಲ್ಲಿ ಬಂದ ವೇಷಧಾರಿಯ ಛಾಯಾಚಿತ್ರವನ್ನು ನೋಡಿ ಅದರಂತೆಯೇ ಬರೆದರೆ ಛಾಯಾಗ್ರಾಹಕನ ಹಕ್ಕಿಗೆ ಚ್ಯುತಿ ಬರಬಹುದು. ಬಯಲಾಟವನ್ನು ಕಣ್ಣಾರೆ ಕಂಡು ಬರೆದರೆ ಆ ಭಯವಿಲ್ಲ. ಅಂಗಿಯ ಮೇಲೆ ಕವಿತೆಯ ಸಾಲು ಹಾಕುವವರು ಕವಿಯ ನಿಧನದ ವರ್ಷವನ್ನು ತಿಳಿದಿರಬೇಕು. ಹಕ್ಕು ಕವಿಯ ಜೀವಿತಾವಧಿಗೂ ಅನಂತರದ 60 ವರ್ಷಗಳಿಗೂ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಆರಂಭದಿಂದ ಎಲ್ಲರ ಸೊತ್ತಾಗಿವೆ. ಕಯ್ಯಾರ ಕಿಞ್ಞಣ್ಣ ರೈಗಳು ಅಗಲಿದ್ದು 2015ರಲ್ಲಿ. ಅವರ ಕವಿತೆಗೆ 2075ರ ಕೊನೆಯವರೆಗೂ ಅನುಮತಿ ಬೇಕು. ಕರ್ನಾಟಕ ಸರ್ಕಾರದ ಲಾಂಛನವನ್ನು ಅಭಿಮಾನದಿಂದಲೇ ಆದರೂ ಮಾರಾಟದ ವಸ್ತುವಿನ ಮೇಲೆ ಅಚ್ಚುಹಾಕುವುದಕ್ಕೆ 1950ರ ಲಾಂಛನ ಕಾಯಿದೆಯ ಅಡ್ಡಿಯಿದೆ.

ಕೊನೆಯದು ಗಡಿಯ ಮಾತು. ತಲಪಾಡಿಯಾಚೆಯ ಗ್ರಾಹಕ ನಮಗೆ ನೆಂಟ. ತೆರಿಗೆ ಕಾನೂನಿಗೆ ಹೊರರಾಜ್ಯದವ. ನೀವೇ ಮಾರಾಟಗಾರರಾಗಿ ಕೇರಳದಿಂದ ಕರ್ನಾಟಕಕ್ಕೆ ಇಂತಹ ಸರಕು ಮಾರಿದರೆ, ವಹಿವಾಟು ಎಷ್ಟೇ ಸಣ್ಣದಿರಲಿ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಸಂಸ್ಥೆಯೇ ಮಾರಿ ನಿಮಗೆ ಗೌರವಧನ ಮಾತ್ರ ಕೊಡುವ ಏರ್ಪಾಡಿನಲ್ಲಿ ಹೊಣೆ ಬೇರೆ. ನಿಮ್ಮದು ಯಾವ ಬಗೆಯೆಂದು ಮೊದಲೇ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಿರಿ. ಮಗು ತನ್ನ ಪ್ರತಿಭೆಯಿಂದ ಗಳಿಸಿದ ಆದಾಯವನ್ನು ಪೋಷಕರ ಆದಾಯಕ್ಕೆ ಕೂಡಿಸಬೇಕಿಲ್ಲವೆಂಬ ನಿಯಮವೂ ಆದಾಯ ತೆರಿಗೆ ಕಾನೂನಿನಲ್ಲಿದೆ.

ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಮಗುವಿನ ಮೂಲಚಿತ್ರ, ಅದರ ಕರಡು, ಬರೆದ ದಿನಾಂಕ ಇವನ್ನು ಒಂದು ಕಡತದಲ್ಲಿ ಜೋಪಾನ ಮಾಡಿರಿ. ನಾಳೆ ಯಾರಾದರೂ ಚಿತ್ರವನ್ನು ಕದ್ದರೆ ನ್ಯಾಯಾಲಯದಲ್ಲಿ ಮಗುವಿನ ಪರವಾಗಿ ಮಾತಾಡುವುದು ಆ ಕಡತವೇ.