ಪುಸ್ತಕದಾಗ ಮಾತು, ಕಿವಿಯಾಗ ಧಾಟಿ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಹಳೆಯ ಕಂಪನಿ ನಾಟಕದ ಪುಸ್ತಕ ಎಲ್ಲಿಯಾದರೂ ಕೈಗೆ ಸಿಕ್ಕರೆ ತೆರೆದು ನೋಡಿ. ಮಾತುಗಳ ನಡುವೆ ಅಲ್ಲಲ್ಲಿ ಹಾಡುಗಳಿರುತ್ತವೆ. ಹಾಡಿನ ನೆತ್ತಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ರಾಗದ ಹೆಸರು, ತಾಳದ ಹೆಸರು. ಕೆಲವು ಕಡೆ ಅದೂ ಇಲ್ಲ. ‘ಧಾಟಿ’ ಎಂದು ಬರೆದು, ಅದರ ಮುಂದೆ ಇನ್ನೊಂದು ಹಾಡಿನ ಮೊದಲ ಎರಡು ಪದ ಮಾತ್ರ. ಆ ಹಾಡನ್ನು ಹೇಗೆ ಹಾಡುತ್ತಾರೋ ಇದನ್ನೂ ಹಾಗೇ ಹಾಡಿರಿ ಎಂದು ಅದರ ಅರ್ಥ. ಸರಿ, ಆ ಇನ್ನೊಂದು ಹಾಡು ಹೇಗಿತ್ತು? ಅದನ್ನು ಪುಸ್ತಕ ಹೇಳುವುದಿಲ್ಲ. ಹಾಗಾದರೆ ಯಾರನ್ನು ಕೇಳಬೇಕು?

ಉತ್ತರ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅಡಕಿ ಕತ್ತರಿಸುತ್ತಿರಬಹುದು. ಮುತ್ಯಾನನ್ನು ಕೇಳಿ, ಆಯಿಯನ್ನು ಕೇಳಿ. ಹತ್ತು ವರ್ಷದ ಹುಡುಗರಿದ್ದಾಗ ಜಾತ್ರೆಯ ಹಂದರದಲ್ಲಿ ಕೇಳಿದ ಹಾಡು ಎಪ್ಪತ್ತು ದಾಟಿದ ಮೇಲೂ ಅವರ ಬಾಯಿಗೆ ಬರುತ್ತದೆ. ಬೆಳಗ್ಗೆ ನೀರು ಹಾಕಿಕೊಳ್ಳುವಾಗ ಮುತ್ಯಾ ಗುನುಗುವುದು ಸಿನಿಮಾ ಹಾಡೇ ಎಂದು ನೀವು ತಿಳಿದಿದ್ದರೆ ಒಮ್ಮೆ ವಿಚಾರಿಸಿ ನೋಡಿ.

ಇಂದಿನ ಮಾತು ಹಾಡುವ ನಾಟಕಗಳದ್ದು; ಅದರಲ್ಲೂ ಸಣ್ಣ ಜಾಗದಲ್ಲಿ, ಸಣ್ಣ ತಂಡ ಆಡುವ, ಹತ್ತಿರ ಕುಳಿತು ನೋಡುವ ನಾಟಕಗಳದ್ದು. ನಮ್ಮ ಬೀದರ ನಗರದಲ್ಲಿ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನ ರಂಗಮಂದಿರವಿದೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ನಾಟಕಕ್ಕೆ ಕಟ್ಟಡವೇ ಬೇಕೆಂದಿಲ್ಲ. ಗುಡಿಯ ಮುಂದೆ ನಾಲ್ಕು ಕಂಬ ನೆಟ್ಟು, ಹಲಗೆ ಹಾಸಿ, ಹಿಂದೊಂದು ಪರದೆ ಬಿಟ್ಟರೆ ರಂಗ ತಯಾರು. ಬಣ್ಣ ಹಚ್ಚಿಕೊಳ್ಳುವವರೂ ಊರಿನವರೇ. ಹಗಲು ತೊಗರಿ ರಾಶಿ ಮಾಡಿದವನು ರಾತ್ರಿ ಮಹಾರಾಜ. ಅಂಗಡಿಯಲ್ಲಿ ಬೆಲ್ಲ ತೂಗಿದವನು ಮಂತ್ರಿ.

ಈ ನಾಟಕದವರು ಬಳಸುವ ಮಾತುಗಳನ್ನು ಕಿವಿಗೊಟ್ಟು ಕೇಳಿ. ಅಭ್ಯಾಸಕ್ಕೆ ‘ತಾಲೀಮು’ ಎನ್ನುತ್ತಾರೆ. ಕಲಿಸುವುದು ಎಂಬ ಅರ್ಥದ ಅರಬ್ಬಿ ಪದ ಅದು, ಉರ್ದುವಿನ ಹಾದಿ ಹಿಡಿದು ನಮ್ಮಲ್ಲಿಗೆ ಬಂತು. ‘ಪರದೆ’ ಪಾರಸಿಯದು. ಹಾರ್ಮೋನಿಯಂಗೆ ‘ಪೇಟಿ’ ಎನ್ನುವುದನ್ನು ಮರಾಠಿಯವರ ಜೊತೆ ಹಂಚಿಕೊಂಡಿದ್ದೇವೆ. ಮೊದಲಿಗೆ ಹಾಡುವ ‘ನಾಂದಿ’ ಸಂಸ್ಕೃತದ್ದು. ‘ಪಾರ್ಟು’ ಇಂಗ್ಲಿಷಿನದು. ‘ಹಂದರ’ ಅಚ್ಚ ಕನ್ನಡದ್ದು. ಐದಾರು ಭಾಷೆಗಳು ಒಂದೇ ಹಂದರದ ಕೆಳಗೆ ಜಗಳವಿಲ್ಲದೆ ಕುಳಿತಿವೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕನ್ನೂ ದಿನವೂ ಕೇಳುವ ಬೀದರದವರಿಗೆ ಇದೇನು ಹೊಸದಲ್ಲ.

ಹಾಡುಗಳ ಧಾಟಿಗಳೂ ಹೀಗೇ ಊರೂರು ತಿರುಗಿವೆ. 1842ರ ಸುಮಾರಿಗೆ ನಮ್ಮ ಉತ್ತರ ಕನ್ನಡದ ಯಕ್ಷಗಾನ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿಯ ದೊರೆ, ಮರಾಠಿಯಲ್ಲೂ ಇಂಥದೊಂದು ಬರಲಿ ಎಂದು ವಿಷ್ಣುದಾಸ ಭಾವೆ ಅವರಿಗೆ ಹೇಳಿದ. ಮರುವರ್ಷ, 1843ರಲ್ಲಿ, ಭಾವೆಯವರು ಸೀತಾಸ್ವಯಂವರದ ನಾಟಕ ಆಡಿಸಿದರು. ಮರಾಠಿ ರಂಗಭೂಮಿಯ ಕಥೆ ಶುರುವಾಗುವುದು ಅಲ್ಲಿಂದ. ಅದೇ 1843ರಲ್ಲಿ ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಒಂದು ಮಗು ಹುಟ್ಟಿತು. ಅವರೇ ಅಣ್ಣಾಸಾಹೇಬ ಕಿರ್ಲೋಸ್ಕರ. 1880ರಲ್ಲಿ ಅವರು ಪುಣೆಯಲ್ಲಿ ಶಾಕುಂತಲ ನಾಟಕವನ್ನು ಹಾಡುಗಳೊಂದಿಗೆ ಆಡಿಸಿದರು. ಮರಾಠಿ ಸಂಗೀತ ನಾಟಕಗಳ ಕಾಲ ಆಗ ಆರಂಭವಾಯಿತು. ಅಲ್ಲಿಯ ಹಾಡುಗಳಲ್ಲಿ ಎಷ್ಟೋ ಕನ್ನಡ ಧಾಟಿಗಳು ಸೇರಿದವು. ಮರಾಠಿ ನಾಟಕಗಳು ನಮ್ಮ ಊರುಗಳಿಗೆ ಬಂದಾಗ ಮಂದಿ ಮರುಳಾಗುತ್ತಿದ್ದರು. ಅದನ್ನು ಕಂಡ ಗದುಗಿನ ಶಾಂತಕವಿಗಳು, ನಮಗೆ ನಮ್ಮ ಮಾತಿನಲ್ಲೇ ನಾಟಕ ಬೇಕು ಎಂದು ಕನ್ನಡದಲ್ಲಿ ಬರೆದು ಆಡಿಸಿದರು. ನೋಡಿದಿರಾ, ಧಾಟಿ ಎಂಬುದು ತವರಿಗೂ ಅತ್ತೆಮನೆಗೂ ಓಡಾಡುವ ಮಗಳ ಹಾಗೆ. ಹೋದ ಕಡೆ ಒಂದಿಷ್ಟು ಕೊಟ್ಟು, ಬರುವಾಗ ಒಂದಿಷ್ಟು ಕಟ್ಟಿಕೊಂಡು ಬರುತ್ತದೆ.

ಈಗ ಪೇಟಿ ಮಾಸ್ತರರ ಕಡೆ ತಿರುಗೋಣ. ಹಾಡುವ ನಾಟಕಕ್ಕೆ ಹೋದಾಗ ಮಕ್ಕಳು ರಂಗದ ನಡುವೆ ನಿಂತ ರಾಜನನ್ನೇ ನೋಡುತ್ತಾರೆ. ನೀವು ಒಂದಿಷ್ಟು ಹೊತ್ತು ಮಾಸ್ತರರನ್ನು ನೋಡಿ. ರಂಗದ ಮುಂದೆ ಒಂದು ಮಗ್ಗುಲಿಗೆ ಅವರು ಕುಳಿತಿರುತ್ತಾರೆ, ಪಕ್ಕದಲ್ಲಿ ತಬಲಾದವರು. ಮಾಸ್ತರರ ಬೆರಳು ಪೇಟಿಯ ಮೇಲೆ, ಕಣ್ಣು ನಟನ ಬಾಯಿಯ ಮೇಲೆ. ನಟ ಉಸಿರು ಎಳೆದನೆಂದರೆ ಅವರಿಗೆ ಗೊತ್ತು, ಹಾಡು ಬಂತು. ಅವನು ಸಾಲು ಮರೆತರೆ ಮಾಸ್ತರರು ಅದೇ ಸ್ವರವನ್ನು ಇನ್ನೊಂದು ಸುತ್ತು ನುಡಿಸಿ, ನೆನಪಾಗುವವರೆಗೆ ಕೈ ಹಿಡಿದು ನಿಲ್ಲಿಸುತ್ತಾರೆ. ಅವನು ಹುರುಪಿನಲ್ಲಿ ಮೇಲಿನ ಸ್ವರಕ್ಕೆ ಹಾರಿದರೆ ಇವರೂ ಹಿಂದೆಯೇ ಹೋಗುತ್ತಾರೆ. ಈ ಸೂಕ್ಷ್ಮ ಕಾಣುವುದು ಮುಂದೆ ಕುಳಿತವರಿಗೆ ಮಾತ್ರ. ಐವತ್ತನೆಯ ಸಾಲಿನಲ್ಲಿ ಕುಳಿತರೆ ಧ್ವನಿವರ್ಧಕದ ಗದ್ದಲವಷ್ಟೇ ಪಾಲಿಗೆ ಬರುತ್ತದೆ.

ಪೇಟಿಯದೂ ಒಂದು ಕಥೆ ಇದೆ. ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ಹುಟ್ಟಿ ನಮ್ಮ ದೇಶಕ್ಕೆ ಬಂದ ವಾದ್ಯ. ಇದರ ಸ್ವರ ನಮ್ಮ ಸಂಗೀತಕ್ಕೆ ಸರಿಹೊಂದುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದನ್ನು ದೂರ ಇಟ್ಟಿತು. ಸುಮಾರು 30 ವರ್ಷ ರೇಡಿಯೋದಲ್ಲಿ ಪೇಟಿಗೆ ಬಾಗಿಲು ಮುಚ್ಚಿತ್ತು. ಆದರೆ ನಾಟಕದ ಹಂದರದಲ್ಲಿ, ಭಜನೆಯ ಗುಡಿಯಲ್ಲಿ ಅದನ್ನು ತಡೆಯುವವರು ಯಾರಿದ್ದರು? ನಮ್ಮ ಹಳ್ಳಿಯವರು ಅದನ್ನು ಕೈಬಿಡಲಿಲ್ಲ.

ನಾಟಕದಲ್ಲಿ ಹಾಡು ಯಾಕೆ ಬೇಕು ಎಂದು ನೀವು ಕೇಳಬಹುದು. ಒಂದು ಕಾರಣ ತೀರ ಸರಳ. ಆಗ ಮೈಕು ಇರಲಿಲ್ಲ. ಮಾತಿಗಿಂತ ಹಾಡು ದೂರ ಮುಟ್ಟುತ್ತದೆ. ಅದಕ್ಕೇ ಹಳೆಯ ನಟರು ಏರಿದ ಶ್ರುತಿಯಲ್ಲಿ ಹಾಡುತ್ತಿದ್ದರು. ಎರಡನೆಯ ಕಾರಣ, ಕೆಲವು ಮಾತುಗಳನ್ನು ಆಡಿದರೆ ಬೇಗ ಮುಗಿಯುತ್ತವೆ, ಹಾಡಿದರೆ ಉಳಿಯುತ್ತವೆ. ಮಗನನ್ನು ಕಳೆದುಕೊಂಡ ತಾಯಿ ‘ನನಗೆ ದುಃಖವಾಗಿದೆ’ ಎಂದರೆ ಸಾಕಾಗುತ್ತದೆಯೇ? ಅವಳು ಹಾಡಿದಾಗ ಮುಂದಿನ ಸಾಲಿನ ಆಯಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಹಾಡು ಚೆನ್ನಾಗಿ ಬಂದರೆ ಮಂದಿ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಆಗ ಹಾಡನ್ನು ಮತ್ತೊಮ್ಮೆ ಹಾಡಲೇಬೇಕು. ಬಾಣ ತಗುಲಿ ಬಿದ್ದು ಪ್ರಾಣ ಬಿಟ್ಟ ವೀರನೂ ಎದ್ದು, ಪಂಚೆ ಕೊಡವಿಕೊಂಡು, ಇನ್ನೊಮ್ಮೆ ಹಾಡುತ್ತಾನೆ. ಇಂಥ ಹೊತ್ತಿನಲ್ಲಿ ಮೊಮ್ಮಗ ಕೇಳದೆ ಇರುತ್ತಾನೆಯೇ?

‘ಮುತ್ಯಾ, ಅಂವ ಸತ್ತಾನಲ್ಲ, ಮತ್ಯಾಕ ಹಾಡ್ಲತ್ತಾನ?’

‘ಮಂದಿ ಕೇಳ್ಯಾರ, ಅದಕ್ಕ ಎದ್ದಾನ. ಹಾಡು ಮುಗದ ಮ್ಯಾಗ ಮತ್ತ ಸಾಯ್ತಾನ. ಸುಮ್ನ ಕೇಳು ತಮ್ಮಾ.’

ಹಾಡು ಮೆಚ್ಚಿದವರು ರಂಗದ ಹತ್ತಿರ ಹೋಗಿ ನಟನ ಅಂಗಿಗೆ ಹತ್ತೋ ಐವತ್ತೋ ರೂಪಾಯಿಯ ನೋಟು ಚುಚ್ಚಿ ಆಯೇರಿ ಮಾಡುವುದೂ ಉಂಟು. ಅಷ್ಟು ಹೊತ್ತು ಕಥೆ ನಿಲ್ಲುತ್ತದೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಡುವ ನಾಟಕದವರಲ್ಲಿ ದೊಡ್ಡವರು ಎಷ್ಟೋ ಮಂದಿ ಆಗಿಹೋಗಿದ್ದಾರೆ. ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನು ತಂದದ್ದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರಬಹುದು. ಆ ಕಂಪನಿಗೆ ಸೇರಲು ದಕ್ಷಿಣ ಕನ್ನಡದ ಒಬ್ಬ ಹುಡುಗ ಮನೆ ಬಿಟ್ಟು ಓಡಿಬಂದಿದ್ದ. ಅವರೇ ಮುಂದೆ ದೇಶವೆಲ್ಲ ಹೆಸರಾದ ಬಿ.ವಿ. ಕಾರಂತರು. (ಓಡಿಹೋಗುವ ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸಬೇಡಿ!) 1914ರಲ್ಲಿ ಹುಟ್ಟಿ, ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನ ಪಾತ್ರ ಮಾಡುತ್ತಿದ್ದರು. ನಾಟಕ ಮುಗಿದ ಮೇಲೂ ಜನ ಅವರ ಕಾಲಿಗೆ ನಮಸ್ಕಾರ ಮಾಡುತ್ತಿದ್ದರಂತೆ. ಬಸವಣ್ಣನವರು ನಡೆದಾಡಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲವೇ?

ಇನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಎಳವೆಯಲ್ಲೇ ಕಣ್ಣು ಹೋಗಿತ್ತು. ಅವರು ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಅಷ್ಟು ಮಕ್ಕಳಿಗೆ ಅನ್ನ ಎಲ್ಲಿಂದ? ಆಶ್ರಮದವರು ಒಂದು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಜನ ಟಿಕೆಟ್ಟು ತೆಗೆಸಿ ನಾಟಕ ನೋಡಿದರು, ಆ ದುಡ್ಡು ಆಶ್ರಮದ ಒಲೆ ಹೊತ್ತಿಸಿತು. ಹಿಂದಿನವರು ಬರೀ ಮೋಜಿಗೆ ನಾಟಕ ನೋಡಿದರು ಎನ್ನುವವರಿಗೆ ಈ ಕಥೆ ಹೇಳಿ.

ನಮ್ಮ ರಂಗಮಂದಿರಕ್ಕೆ ಹೆಸರಾದ ಚನ್ನಬಸವ ಪಟ್ಟದ್ದೇವರದೂ ಹೇಳಲೇಬೇಕು. ಅವರು ಭಾಲ್ಕಿ ಹಿರೇಮಠದ ಸ್ವಾಮಿಗಳು; ಆಗ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿದವರು. ನಿಜಾಮರ ಕಾಲದಲ್ಲಿ ಶಾಲೆಗಳ ಓದು ಉರ್ದುವಿನಲ್ಲಿ ನಡೆಯುತ್ತಿತ್ತು. ಆಗ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಶಾಲೆಯಲ್ಲಿ ಕನ್ನಡಕ್ಕೆ ಜಾಗ ಕಡಿಮೆ ಇದ್ದ ದಿನಗಳಲ್ಲೂ ಭಜನೆಯಲ್ಲಿ, ತತ್ವಪದದಲ್ಲಿ, ಬೀಸುವ ಕಲ್ಲಿನ ಪದದಲ್ಲಿ ಜನ ಕನ್ನಡವನ್ನೇ ಹಾಡಿಕೊಂಡರು. ಆಗ ಪುಸ್ತಕ ಸಿಗದವರಿಗೂ ಹಾಡು ಸಿಕ್ಕಿತು.

ಈಗ ನಮಗೆ ಬೇಕಾದಷ್ಟು ಪುಸ್ತಕಗಳಿವೆ. ಕಡಿಮೆ ಆಗುತ್ತಿರುವುದು ಧಾಟಿ ಗೊತ್ತಿರುವವರು. ಊರಿಂದೂರಿಗೆ ತಿರುಗುತ್ತಿದ್ದ ಎಷ್ಟೋ ಕಂಪನಿಗಳು ಪರದೆ ಮಡಚಿದವು. ಊರ ತಂಡಗಳಲ್ಲಿ ಹಾಡುವ ನಟ ಸಿಗದೆ, ಹಾಡಿನ ಜಾಗದಲ್ಲಿ ಸಿನಿಮಾ ಹಾಡು ಹಾಕಿ ಬಾಯಿ ಆಡಿಸುವುದೂ ನಡೆಯುತ್ತದೆ. ಹಾಗೆ ಒಂದು ಹಾಡು ಕೈಬಿಟ್ಟ ಮೇಲೆ, ಅದನ್ನು ಬಲ್ಲ ಮುತ್ಯಾ ತೀರಿಹೋದರೆ ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಧಾಟಿ ಹೋಗುತ್ತದೆ. ಮುಂದಿನವರು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಆದ್ದರಿಂದ ಮುತ್ಯಾಗಳಲ್ಲಿ, ಆಯಿಯರಲ್ಲಿ ಒಂದು ಬಿನ್ನಹ. ನಿಮ್ಮೂರ ಜಾತ್ರೆಯಲ್ಲಿ, ಬೀದರದ ರಂಗಮಂದಿರದಲ್ಲಿ, ಯಾವುದಾದರೂ ಶಾಲೆಯ ಅಂಗಳದಲ್ಲಿ ಹಾಡುವ ನಾಟಕವಿದ್ದರೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಮಂಡಿನೋವು ಎಂದು ಹಿಂದಿನ ಕುರ್ಚಿ ಹಿಡಿಯಬೇಡಿ. ಸ್ವಲ್ಪ ಮುಂಚೆ ಹೋದರೆ ಮುಂದೆಯೇ ಕುರ್ಚಿ ಸಿಗುತ್ತದೆ. ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಬೀದರಕ್ಕೆ ಬರುವವರು ತಿರುಗಿ ಹೋಗುವ ಬಸ್ಸಿನ ವೇಳೆ ಮೊದಲೇ ಕೇಳಿಟ್ಟುಕೊಳ್ಳಿ. ಒಂದು ಶಾಲು, ಬುತ್ತಿಯಲ್ಲಿ ಎರಡು ರೊಟ್ಟಿ, ಶೇಂಗಾದ ಹಿಂಡಿ ಇರಲಿ. ಮಗು ನಡುವೆ ನಿದ್ದೆ ಹೋದರೆ ಹೋಗಲಿ. ನಿದ್ದೆಗಣ್ಣಿನಲ್ಲಿ ಕೇಳಿದ ಪೇಟಿಯ ದನಿಯೂ ಕಿವಿಯಲ್ಲಿ ಕೂರುತ್ತದೆ.

ಮಕ್ಕಳಿಗೆ ಮೂರು ಮಾತು. ನಾಟಕದ ಕತ್ತಲೆಯಲ್ಲಿ ಮೊಬೈಲ್ ಬೆಳಗಿಸಬೇಡಿ; ಸಣ್ಣ ರಂಗದಲ್ಲಿ ನಟರಿಗೆ ನಿಮ್ಮ ಮುಖ ಕಾಣುತ್ತದೆ. ಹಾಡು ಹಿಡಿಸಿದರೆ ಸಂಕೋಚವಿಲ್ಲದೆ ಚಪ್ಪಾಳೆ ತಟ್ಟಿ. ನಾಟಕ ಮುಗಿದ ಮೇಲೆ ಪೇಟಿ ಮಾಸ್ತರರ ಹತ್ತಿರ ಹೋಗಿ, ‘ಕಾಕಾ, ಆ ಹಾಡಿನ ಧಾಟಿ ಯಾವುದ್ರೀ?’ ಎಂದು ಕೇಳಿ. ಇಂಥ ಪ್ರಶ್ನೆಗಾಗಿ ಅವರು ಎಷ್ಟೋ ವರ್ಷದಿಂದ ಕಾಯುತ್ತಿರಬಹುದು.

ಈ ವಾರದ ಮನೆಗೆಲಸ ಹೀಗಿದೆ. ಮುತ್ಯಾ ಅಥವಾ ಆಯಿಗೆ ನೆನಪಿರುವ ಒಂದು ನಾಟಕದ ಹಾಡನ್ನು ಹಾಡಿಸಿ. ಮನೆಯವರ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಯಾವ ನಾಟಕ, ಯಾವ ಊರಲ್ಲಿ ನೋಡಿದ್ದು, ಹಾಡಿದವರು ಯಾವ ಪಾತ್ರದವರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಅದರಲ್ಲೇ ಸೇರಿಸಿ. ನಡುವೆ ಸಾಲು ಮರೆತರೆ ಅವಸರ ಮಾಡಬೇಡಿ. ಪೇಟಿ ಮಾಸ್ತರರ ಹಾಗೆ ಕಾಯಿರಿ. ಆಮೇಲೆ ಮೊಬೈಲು ಪಕ್ಕಕ್ಕಿಟ್ಟು ನೀವೂ ಅದನ್ನು ಹಾಡಿ. ತಪ್ಪಿದರೆ ತಿದ್ದುವವರು ಪಕ್ಕದಲ್ಲೇ ಇದ್ದಾರೆ. ಅವರು ಇರುವಾಗಲೇ ತಿದ್ದಿಸಿಕೊಳ್ಳಿ.