ಕಾಗದದ ದುಂಬಿಗೂ ಆರು ಕಾಲು

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 13 ಅಡಿ ಎತ್ತರದ ಮರವೊಂದು ಸಿಂಗರಿಸಿಕೊಂಡು ನಿಲ್ಲುತ್ತದೆ. ದೂರದಿಂದ ಎಲ್ಲ ಕ್ರಿಸ್‌ಮಸ್ ಮರಗಳಂತೆಯೇ. ಹತ್ತಿರ ಹೋದರೆ ಕೊಂಬೆಕೊಂಬೆಗೂ ಡೈನೋಸಾರ್, ತಿಮಿಂಗಿಲ, ಚೇಳು, ಬಾವಲಿ. ಎಲ್ಲವೂ ಕಾಗದ ಮಡಿಸಿ ಮಾಡಿದವು. ಬಾವಲಿಗೂ ಕ್ರಿಸ್‌ಮಸ್ಸಿಗೂ ಏನು ಸಂಬಂಧ ಎನ್ನುವವರು ಬೇರೆ ಮರ ನೋಡಿಕೊಳ್ಳಬೇಕು!

ಇದಕ್ಕೆಲ್ಲ ಮೂಲ ಒಬ್ಬ ಕೀಟತಜ್ಞೆ. ಅಲ್ಲಿನ ಕೀಟ ವಿಭಾಗದಲ್ಲಿದ್ದ ಆಲಿಸ್ ಗ್ರೇ ತಮ್ಮ ಕೊಠಡಿಯಲ್ಲಿ ಪುಟ್ಟ ಮರವಿಟ್ಟು, ಅದಕ್ಕೆ ಕಾಗದದ ಕೀಟಗಳನ್ನು ತೂಗುಹಾಕುತ್ತಿದ್ದರು. 1970ರ ದಶಕದ ಆರಂಭದಲ್ಲಿ ಮರ ಸಾರ್ವಜನಿಕರ ಮುಂದೆ ಬಂತು. ಈಗ ಒರಿಗಾಮಿ ಯುಎಸ್ಎ ಸಂಸ್ಥೆಯ ಸ್ವಯಂಸೇವಕರು ಬೇಸಿಗೆಯಲ್ಲೇ ಮಡಿಸಲು ಕೂರುತ್ತಾರೆ.

ಕೀಟ ಮಡಿಸುವುದೆಂದರೆ ದೋಣಿ ಮಡಿಸಿದಂತಲ್ಲ. ಒಂದೇ ಚೌಕ ಕಾಗದ, ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ. ದುಂಬಿಗೆ ಆರು ಕಾಲು, ಎರಡು ಮೀಸೆ. ಚೌಕಕ್ಕೋ ನಾಲ್ಕೇ ಮೂಲೆ. ಒಂದೊಂದು ಕಾಲಿಗೂ ಕಾಗದದಲ್ಲಿ ಮೊದಲೇ ಜಾಗ ಕಾದಿರಿಸಬೇಕು. ರಾಬರ್ಟ್ ಲ್ಯಾಂಗ್ ಎಂಬ ಭೌತವಿಜ್ಞಾನಿ 1990ರ ದಶಕದಲ್ಲಿ ಇಂಥ ಲೆಕ್ಕಕ್ಕೆಂದೇ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಒಂದು ಕಾಲು ಕಡಿಮೆಯಾದರೆ ಬೇರೆಡೆ ನಡೆದೀತು; ಕೀಟಗಳ ಲಕ್ಷಾಂತರ ಮಾದರಿ ಇಟ್ಟುಕೊಂಡ ಮನೆಯಲ್ಲಿ ನಡೆಯುವುದು ಹೇಗೆ?

ಅಂದಹಾಗೆ, ಹಬ್ಬದ ಹಸಿರೆಂದರೆ ಮ್ಯೂಸಿಯಂಗಳಿಗೆ ಒಳಗೊಳಗೇ ಅಳುಕು. ಹಸಿ ಕೊಂಬೆ, ಹೂವುಗಳ ಜೊತೆ ಹುಳುವೂ ಒಳಬರಬಹುದು. ಅಂಥದ್ದೊಂದರ ಹೆಸರೇ ಮ್ಯೂಸಿಯಂ ದುಂಬಿ! ಗಾತ್ರ ಅಕ್ಕಿಕಾಳಿಗಿಂತ ಚಿಕ್ಕದು. ಬೆಳೆದದ್ದು ಹೂವಿನ ಪರಾಗ ತಿಂದುಕೊಂಡು ಸಭ್ಯವಾಗಿರುತ್ತದೆ. ಅದರ ಮರಿಗೆ ಮಾತ್ರ ಒಣಗಿದ ಕೀಟ, ಗರಿ, ತುಪ್ಪಳವೇ ಬೇಕು. ಪೆಟ್ಟಿಗೆಯೊಳಗೆ ಹೊಕ್ಕಿತೋ, ನೂರು ವರ್ಷದ ಹಿಂದೆ ಯಾರೋ ಕಾಡು ಅಲೆದು ಹಿಡಿದು ತಂದ ಚಿಟ್ಟೆಯ ಜಾಗದಲ್ಲಿ ಒಂದು ಸೂಜಿ, ಒಂದು ಚೀಟಿ, ಚಿಟಿಕೆ ಪುಡಿ. ಆ ಕಾಡೇ ಇಂದು ಉಳಿದಿಲ್ಲವಾದರೆ ಇನ್ನೊಂದನ್ನು ತರುವುದೆಲ್ಲಿಂದ? ಹೀಗಾಗಿ ಹಲವು ಮ್ಯೂಸಿಯಂಗಳಲ್ಲಿ ಹಬ್ಬಕ್ಕೆ ಕೃತಕ ಮರವೇ ಗತಿ.

ಕಾಗದದ ದುಂಬಿ ಯಾರ ತಂಟೆಗೂ ಹೋಗುವುದಿಲ್ಲ. ಕಾಗದವನ್ನೇ ತಿನ್ನುವ ಬೆಳ್ಳಿಹುಳುವಿನ ಮಾತು ಬೇರೆ.

ಹಬ್ಬದ ದಿನಗಳಲ್ಲಿ ಮರದ ಬಳಿಯೇ ಸ್ವಯಂಸೇವಕರು ಬಂದವರಿಗೆ ಮಡಿಸುವುದನ್ನು ಹೇಳಿಕೊಡುತ್ತಾರೆ. ಶುರುವಿಗೇ ಆರು ಕಾಲಿನ ದುಂಬಿಯಲ್ಲ, ಸುಲಭವಾದದ್ದು.