ಕಿರುಚಾಟದ ನಡುವೆ ಒಂದು ಕೊಳಲು

‘ಯಾಕೋ ಅವನು ಹಂಗೆ ಕಿರುಚ್ಕೊತಾನೆ? ಯಾರಾದ್ರೂ ಹೊಡೀತಿದಾರಾ?’ ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದಳು. ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ದುಡ್ಡು ಕೂಡಿಟ್ಟು ತರಿಸಿಕೊಂಡ ಎಲ್‌ಪಿ ರೆಕಾರ್ಡು ಅದು. ಟರ್ನ್‌ಸ್ಟೈಲ್ ತಂಡದ ‘ನೆವರ್ ಎನಫ್’. ‘ಇನ್ನೂ ಪ್ಲೇಟು ಮಾಡ್ತಾರಾ?’ ಎನ್ನುತ್ತಾ ಅಪ್ಪ ಅದನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದರು. ಹಿಡಿಯುವ ಕ್ರಮ ಮರೆತಿರಲಿಲ್ಲ.

ಹಾರ್ಡ್‌ಕೋರ್ ಪಂಕ್ ಹುಟ್ಟಿದ್ದು 1980ರ ಆಸುಪಾಸಿನಲ್ಲಿ, ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಕಡೆಯ ಹುಡುಗರು ಪಂಕ್ ಸಂಗೀತದ ವೇಗ ಹೆಚ್ಚಿಸಿ, ಹಾಡಿನ ಉದ್ದ ಕತ್ತರಿಸಿದರು. ಮೈನರ್ ಥ್ರೆಟ್ ತಂಡದ ‘ಸ್ಟ್ರೇಟ್ ಎಡ್ಜ್’ ಒಂದು ನಿಮಿಷವೂ ಇಲ್ಲ. ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗದೆ ತಾವೇ ರೆಕಾರ್ಡು ಹೊರತಂದರು, ಅದರ ಹೊದಿಕೆಯನ್ನು ಕೈಯಾರೆ ಮಡಚಿ ಅಂಟಿಸಿದರು.

ಟರ್ನ್‌ಸ್ಟೈಲ್ ಬಾಲ್ಟಿಮೋರ್ ನಗರದ್ದು. 2010ರಲ್ಲಿ ಶುರುವಾದ ತಂಡ. 2025ರ ಜೂನ್‌ನಲ್ಲಿ ಬಂದ ಈ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ. ಸಿಂಥ್ ಇದೆ, ತುತ್ತೂರಿ ಇದೆ, ‘ಸನ್‌ಶವರ್’ ಹಾಡಿನಲ್ಲಿ ಶಬಾಕಾ ಹಚಿಂಗ್ಸ್ ನುಡಿಸಿದ ಕೊಳಲೂ ಇದೆ. ‘ಇದು ಹಾರ್ಡ್‌ಕೋರ್ ಅಲ್ಲ ಮಾರಾಯ, ಪಾಪ್’ ಎಂದು ನನ್ನ ಗೆಳೆಯ ತೀರ್ಪು ಕೊಟ್ಟ. ನಿಜ ಹೇಳುತ್ತೇನೆ, ಮೊದಲು ನಾನೂ ಒಪ್ಪಿದ್ದೆ.

ಆಗ ಕೇಳುತ್ತಿದ್ದುದು ಮೊಬೈಲಿನಲ್ಲಿ, ಬಸ್ಸಿನಲ್ಲಿ. ಗಿಟಾರು ಸುಮ್ಮನಾದ ಕೂಡಲೇ ಬೆರಳು ಮುಂದಿನ ಹಾಡಿಗೆ ಹೋಗುತ್ತಿತ್ತು. ಸುಮಾರು 45 ನಿಮಿಷದ ಆಲ್ಬಮ್ಮಿನಲ್ಲಿ ಅರ್ಧವನ್ನಾದರೂ ಕೇಳಿದ್ದೆನೋ ಇಲ್ಲವೋ. ದೊಡ್ಡಪ್ಪನ ಮನೆಯ ಅಟ್ಟದಿಂದ ಇಳಿಸಿ ರಿಪೇರಿ ಮಾಡಿಸಿದ ಟರ್ನ್‌ಟೇಬಲ್ಲಿನಲ್ಲಿ ಆ ಆಟ ನಡೆಯುವುದಿಲ್ಲ. ಎದ್ದು ಹೋಗಿ ಮುಳ್ಳು ಎತ್ತಿಡಬೇಕು, ರೆಕಾರ್ಡು ಗೀಚಿಹೋದೀತೆಂಬ ಭಯ ಬೇರೆ. ಹಾಗಾಗಿ ಸೋಮಾರಿತನದಿಂದಲೇ ಪೂರ್ತಿ ಕೇಳಿದೆ. ‘ಲುಕ್ ಔಟ್ ಫಾರ್ ಮಿ’ ಆರೂವರೆ ನಿಮಿಷ ಮೀರುತ್ತದೆ. ಅಬ್ಬರಿಸಿ, ದಣಿದು, ಕೊನೆಗೆ ಕುಣಿತದ ತಾಳಕ್ಕೆ ಜಾರುತ್ತದೆ. ಬಸ್ಸಿನಲ್ಲಿ ನಾನು ಆ ಜಾರುವ ಜಾಗದವರೆಗೂ ಹೋಗಿರಲೇ ಇಲ್ಲ. ಗಾಯಕ ಬ್ರೆಂಡನ್ ಯೇಟ್ಸ್ ಹಿಂದೆ ಟ್ರ್ಯಾಪ್ಡ್ ಅಂಡರ್ ಐಸ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು. ಅವರ ಕೂಗು ಪೆಟ್ಟಿನ ಮೇಲೆ ಪೆಟ್ಟಿನಂತೆ ಬೀಳುವುದು ಅದಕ್ಕೇ ಇರಬೇಕು.

ದೂರು ಇಲ್ಲವೆಂದಲ್ಲ. ಕೆಲವು ಹಾಡುಗಳು 2021ರ ‘ಗ್ಲೋ ಆನ್’ ಆಲ್ಬಮ್ಮಿನ ತಮ್ಮಂದಿರ ಹಾಗೆ ಕೇಳುತ್ತವೆ. ಆದರೆ ‘ಹಾರ್ಡ್‌ಕೋರ್ ಅಲ್ಲ’ ಎಂಬ ಮಾತನ್ನು ಒಪ್ಪಲಾರೆ. ಆಲ್ಬಮ್ ಬರುವ ಮುನ್ನ, ಮೇ ತಿಂಗಳಲ್ಲಿ, ಈ ತಂಡ ತನ್ನೂರಿನ ಪಾರ್ಕಿನಲ್ಲಿ ಉಚಿತವಾಗಿ ಹಾಡಿತು. ಜನ ಕೊಟ್ಟ ದೇಣಿಗೆ ಮನೆಯಿಲ್ಲದವರಿಗೆ ಚಿಕಿತ್ಸೆ ನೀಡುವ ಸಂಸ್ಥೆಗೆ ಹೋಯಿತು. ಅಂದು ಹೊದಿಕೆ ಅಂಟಿಸುತ್ತಿದ್ದ ಹುಡುಗರ ಸಂತತಿ ಇದಲ್ಲದೆ ಇನ್ನೇನು? ಆ ಹುಡುಗರು ಆಗಿನ ರಾಕ್ ಸಂಗೀತದ ನಿಯಮ ಮುರಿದರು. ಇವರು ಆ ಹುಡುಗರದ್ದೇ ನಿಯಮ ಮುರಿದಿದ್ದಾರೆ. ಕೊಳಲು ಬಂದರೆ ಕೆಟ್ಟುಹೋಗುವಷ್ಟು ನಾಜೂಕಿನ ಸಂಗೀತವೇ ಇದು?

ಗೆಳೆಯನನ್ನು ಭಾನುವಾರ ಮನೆಗೆ ಕರೆದಿದ್ದೇನೆ. ಮೊಬೈಲು ಹೊರಗೆ, ಚಪ್ಪಲಿಯ ಪಕ್ಕ ಇಡಬೇಕು ಎಂಬ ಷರತ್ತಿನ ಮೇಲೆ. ಅಮ್ಮ ಆ ಹೊತ್ತಿಗೆ ದೇವಸ್ಥಾನಕ್ಕೆ ಹೋಗಿರುತ್ತಾಳಂತೆ.